ತಡಿಯಮ್ಮಾ ಎಂದ ಕಳ್ಳಿ

1999ರ ಅಕ್ಟೋಬರ್ 14, ಗುರುವಾರ. ಮಧ್ಯಾಹ್ನ 3.50ಕ್ಕೆ ಅಮೆರಿಕದ ಫಾಸ್ಟರ್ ಸಿಟಿ ಪೊಲೀಸ್ ಠಾಣೆಗೆ ಒಂದು 911 ತುರ್ತು ಕರೆ ಬಂತು. ಕರೆ ಮಾಡಿದಾಕೆ ಇಂಗ್ಲಿಷಿನಲ್ಲಿ ಹೇಳಿದ್ದು ಎರಡೇ ಮಾತು: "ಪೊಲೀಸ್, ಕಮ್." ಮಿಕ್ಕಿದ್ದೆಲ್ಲ ಅಪ್ಪಟ ಮಂಡ್ಯದ ಕನ್ನಡ. ಅದೇ ಮನೆಯಿಂದ ಅದೇ ತಿಂಗಳಲ್ಲಿ ಇದು ಮೂರನೆಯ ಕರೆ. ಹಿಂದೆ ಎರಡು ಸಲವೂ ಗಸ್ತಿನವರು ಹೋಗಿ ನೋಡಿದ್ದರು. ಕಳ್ಳನೂ ಸಿಕ್ಕಿರಲಿಲ್ಲ, ಕಳುವಾದ ವಸ್ತುವೂ ಇರಲಿಲ್ಲ. ಈ ಸಲ ಡಿಟೆಕ್ಟಿವ್ ಶಾರೀಕನನ್ನು ಕಳಿಸಿದರು. ಅವನು ಮೈಸೂರಿನಲ್ಲಿ ಹುಟ್ಟಿದವನು, ಹತ್ತು ವರ್ಷದವನಿದ್ದಾಗ ಅಪ್ಪ ಅಮ್ಮನ ಜೊತೆ ಕ್ಯಾಂಪ್‌ಬೆಲ್‌ಗೆ ಬಂದವನು. ಇಡೀ ಠಾಣೆಯಲ್ಲಿ ಕನ್ನಡ ಬಲ್ಲವನು ಅವನೊಬ್ಬನೇ.

ಲಗೂನ್ ಎಂಬ ಹಿನ್ನೀರಿನ ದಂಡೆಯ ಆ ಮನೆ ಯೋಗಾನಂದನದು. ಗಂಡ ಹೆಂಡತಿ ಇಬ್ಬರೂ ಎರಡು ಸಾವಿರದ ಇಸವಿಗೆ ಕಂಪ್ಯೂಟರುಗಳು ಕೆಟ್ಟುಹೋಗದಂತೆ ಕಾಯುವ ಕೆಲಸದಲ್ಲಿದ್ದರು. ಹಗಲು ಮನೆಯಲ್ಲಿರುತ್ತಿದ್ದವರು ಯೋಗಾನಂದನ ತಾಯಿ ವೆಂಕಟಮ್ಮ ಮಾತ್ರ. ಎಪ್ಪತ್ತೊಂದು ವರ್ಷ, ಮಂಡಿನೋವು, ಗಟ್ಟಿ ಗಂಟಲು.

ಆಫೀಸಿನಿಂದ ಓಡಿಬಂದಿದ್ದ ಯೋಗಾನಂದ ಬಾಗಿಲಲ್ಲೇ ತಡೆದ.

"ಸಾರಿ ಸರ್, ನಿಮ್ ಟೈಮ್ ವೇಸ್ಟು. ಅಮ್ಮಂಗೆ ಏನೇನೋ ಕೇಳ್ಸತ್ತೆ. ಡಾಕ್ಟರ್ ಅಪಾಯಿಂಟ್‌ಮೆಂಟ್ ತಗೊಂಡಿದೀನಿ. ಮುಂದಿನ ಗುರುವಾರಕ್ಕೆ ಟಿಕೆಟ್ಟೂ ಮಾಡ್ಸಿದೀನಿ. ಊರಲ್ಲಿ ತಂಗಿ ಮನೇಲಿ ಇರ್ತಾರೆ."

"ಊರ್ಗೆ ಓಗಕ್ಕೆ ನಂಗೇನು ಬೇಜಾರಿಲ್ಲ ಕನಪ್ಪ," ಒಳಗಿನಿಂದ ವೆಂಕಟಮ್ಮನ ದನಿ ಬಂತು. "ತಲೆಕೆಟ್ಟೋಳು ಅನ್ನಿಸ್ಕಂಡು ಓಗಕ್ಕಾಗಕಿಲ್ಲ."

ಶಾರೀಕ್ ಶೂ ಬಿಚ್ಚಿಟ್ಟು ಒಳಗೆ ಹೋಗಿ ಸೋಫಾದಲ್ಲಿ ಕೂತ. ವೆಂಕಟಮ್ಮನ ಅಣ್ಣ ಮಳವಳ್ಳಿಯಲ್ಲಿ ದಫೇದಾರನಾಗಿದ್ದವನು. ಪೊಲೀಸರ ಕೆಲಸ ಹೇಗೆ ನಡೆಯಬೇಕೆಂದು ಆಕೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಎಫ್‌ಐಆರ್ ಆಕ್ತೀರಾ? ಪಂಚ್ನಾಮೆ ಬರ್ಕತೀರಾ?"

"ಇಲ್ಲಿ ರಿಪೋರ್ಟ್ ಅಂತಾರೆ ಅಜ್ಜಿ. ಬರ್ಕೋತೀನಿ. ಎಷ್ಟೊತ್ತಿಗೆ ಬಂದ?"

"ಬಂದ ಅಲ್ಲ, ಬಂದ್ಲು. ಮೂರೂವರೆ. ನಾನು ಮೇಲ್ಗಡೆ ಮಲಗಿದ್ದೆ."

"ನೋಡಿದ್ರಾ?"

"ಮಂಡಿ ಇಡ್ಕಂಡು ಮೆಟ್ಲು ಇಳಿಯೋದ್ರಲ್ಲಿ ಓಡೋಗ್ತಾಳೆ. ದನಿ ಕೇಳೀನಿ. ಹುಡುಗಿ ದನಿ."

"ಏನಂದ್ಲು?"

"ತಡಿಯಮ್ಮಾ ಅಂದ್ಲು."

ಯೋಗಾನಂದ ಹಣೆ ಒತ್ತಿಕೊಂಡ. ಅಮೆರಿಕದಲ್ಲಿ ಕನ್ನಡ ಮಾತಾಡುವ ಕಳ್ಳಿ! ಶಾರೀಕನಿಗೆ ಬೇರೊಂದು ಅನುಮಾನ ಬಂತು.

"ನೀವು ಕೂಗಿದ್ಮೇಲೆ ತಡಿಯಮ್ಮಾ ಅಂದ್ಲಾ?"

"ಇಲ್ಲ ಕನ ಸಾಬ್ರೇ. ಬಾಗ್ಲು ತೆಗೀತಿದ್ದಂಗೇ ಅಂತಾಳೆ. ಆಮೇಲೆ ನಾನು, ಸೊಸೆ ಬಂದ್ಲೇನೋ ಅಂತ 'ಬಂದ್ಯಾ' ಅಂತೀನಿ. ಉತ್ರ ಇಲ್ಲ."

ಯಾರೂ ಎದುರಿಗೆ ಬರದೆ, ಯಾರೂ ಕೂಗದೆ, ಕಳ್ಳಿಯೊಬ್ಬಳು ಯಾರಿಗೆ ತಡಿ ಎನ್ನುತ್ತಾಳೆ? ಶಾರೀಕ್ ಆ ಪ್ರಶ್ನೆಗೆ ಅಡಿಗೆರೆ ಹಾಕಿದ.

ಬೀಗ ಮುರಿದಿರಲಿಲ್ಲ. ಬೀರುವಿನ ಒಡವೆ ಬೀರುವಿನಲ್ಲೇ ಇತ್ತು. ಡ್ರೈಯರಿನಿಂದ ತೆಗೆದು ಬುಟ್ಟಿಯಲ್ಲಿ ಗುಡ್ಡೆ ಹಾಕಿದ್ದ ಬಟ್ಟೆಗಳು ಮಾತ್ರ ಅಚ್ಚುಕಟ್ಟಾಗಿ ಮಡಿಸಿಕೊಂಡು ಕುಳಿತಿದ್ದವು. ಮಗ ಅದನ್ನು ತೋರಿಸಿ, "ಅಮ್ಮನೇ ಮಡಿಸಿಟ್ಟು ಮರೆತಿದಾರೆ" ಎಂದ. ಹೊರಗೆ ಹೊರಟ ಶಾರೀಕ್ ಬಾಗಿಲ ಬಳಿ ನಿಂತುಬಿಟ್ಟ. ಅವನ ಶೂ, ಆಗಷ್ಟೇ ಬಂದಿದ್ದ ಯೋಗಾನಂದನ ಶೂ ಬಿಟ್ಟರೆ ಅಲ್ಲಿದ್ದ ಚಪ್ಪಲಿ, ಶೂಗಳೆಲ್ಲ ಸಾಲಾಗಿ, ತುದಿ ಬಾಗಿಲ ಕಡೆಗೆ ತಿರುಗಿ ನಿಂತಿದ್ದವು.

"ಇವನ್ನ ಯಾರು ಜೋಡಿಸಿದ್ದು?"

"ಅವಳೇ. ಬಂದಾಗೆಲ್ಲ ಇಂಗೇ ತಿರುಗ್ಸಿ ಓಗ್ತಾಳೆ. ನಂಗೆ ಸೊಂಟ ಬಗ್ಗಕಿಲ್ಲ, ನಾನ್ಯಾಕೆ ಅವರಿವರ ಜೋಡು ತಿರುಗ್ಸ್ಲಿ?"

ಬಗ್ಗಲಾರದ ಮುದುಕಿ ನೆಲದ ಮೇಲಿನ ಚಪ್ಪಲಿ ಜೋಡಿಸುವುದಿಲ್ಲ. ವೆಂಕಟಮ್ಮ ಹೇಳುತ್ತಿರುವುದು ನಿಜ ಎಂದು ಶಾರೀಕನಿಗೆ ಖಾತ್ರಿಯಾಯಿತು. ಅವನ ನಂಬಿಕೆಯಿಂದ ಟಿಕೆಟ್ಟು ರದ್ದಾಗುವುದಿಲ್ಲ. ಅದಕ್ಕೆ ಕಳ್ಳಿಯೇ ಸಿಗಬೇಕು.

"ಈ ಮನೆ ಕೀ ಬೇರೆ ಯಾರ ಹತ್ರ ಇದೆ?"

ಯೋಗಾನಂದ ನೆನಪಿಸಿಕೊಂಡ. ಆಗಸ್ಟಿನಲ್ಲಿ ಎಲ್ಲರೂ ಯೊಸೆಮಿಟಿಗೆ ಪ್ರವಾಸ ಹೋಗುವಾಗ ಗಿಡಗಳಿಗೆ ನೀರು ಹಾಕಲೆಂದು ನಾಲ್ಕು ಮನೆಯಾಚೆಯ ಶ್ರೀನಿವಾಸನ ಮನೆಗೆ ಒಂದು ಕೀ ಕೊಟ್ಟಿದ್ದ. ವಾಪಸ್ ಬಂತೋ ಇಲ್ಲವೋ ನೆನಪಿಲ್ಲ.

ಶನಿವಾರ ಬೆಳಿಗ್ಗೆ ಶಾರೀಕ್ ಆ ಮನೆಗೆ ಹೋದ. ಶ್ರೀನಿವಾಸ ಹಾಸನದ ಕಡೆಯವನು. ಅವನ ಸ್ಟಾರ್ಟಪ್ಪು ಇಂದೋ ನಾಳೆಯೋ ಷೇರುಪೇಟೆಗೆ ಹೋಗುವುದರಲ್ಲಿತ್ತು. ಹೆಂಡತಿ ಬಯೋಟೆಕ್ ಕಂಪನಿಯ ಲ್ಯಾಬಿನಲ್ಲಿ, ಶನಿವಾರವೂ ಡ್ಯೂಟಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೇನೋ ಎಂದು ಶಾರೀಕ್ ಕಾದ. ಶ್ರೀನಿವಾಸ ಲ್ಯಾಪ್‌ಟಾಪಿನಿಂದ ತಲೆಯನ್ನೇ ಎತ್ತಲಿಲ್ಲ.

"ಕೀನಾ? ಅದೆಲ್ಲ ನನ್ ಮಗಳು ಲಾಸ್ಯಾ ನೋಡ್ಕೋತಾಳೆ ಸರ್. ಈಗ ಬರ್ತಾಳೆ."

ಅಷ್ಟರಲ್ಲಿ ಬಾಗಿಲು ತೆರೆಯಿತು. ಹದಿನಾರು ವರ್ಷದ ಹುಡುಗಿ ಶೂ ಬಿಚ್ಚಿ, ಬಗ್ಗಿ, ಎರಡನ್ನೂ ಬಾಗಿಲ ಕಡೆಗೆ ತಿರುಗಿಸಿಟ್ಟಳು. ಆಮೇಲೆ ಮೆಲ್ಲಗೆ, ಯಾರಿಗೂ ಅಲ್ಲವೆಂಬಂತೆ ಹೇಳಿದಳು.

"ತದೈಮಾ."

ಯಾರೂ ಉತ್ತರಿಸಲಿಲ್ಲ. ಅವಳು ಮೆಟ್ಟಿಲು ಹತ್ತಿ ಕೋಣೆ ಸೇರಿದಳು.

"ಏನಂದಳು?" ಶಾರೀಕ್ ಕೇಳಿದ.

"ಅಯ್ಯೋ, ಜಪಾನೀಸು. ಎಕ್ಸ್‌ಚೇಂಜ್ ಸ್ಟೂಡೆಂಟ್ ಆಗಿ ಒಂದ್ವರ್ಷ ಮತ್ಸುಯಾಮಾದಲ್ಲಿದ್ಲು. ಜೂನಲ್ಲಿ ಬಂದ್ಲು. ಅವಾಗಿಂದ ಹೀಗೇ."

ಕೇಳಿದ ಮಾತು ಸಾಕ್ಷಿಯಾಗದು. ಸೋಮವಾರ, 18ನೇ ತಾರೀಖು, ಮೂರು ಗಂಟೆಗೇ ಶಾರೀಕ್ ಯೋಗಾನಂದನ ಅಡುಗೆಮನೆಯಲ್ಲಿ ಕೂತ. ಜೊತೆಗೆ ಆಫೀಸರ್ ಮೆಂಡೋಜಾ ಎಂಬ ಹೆಂಗಸು. ಮೇಲೆ ಮಲಗಿದ್ದ ವೆಂಕಟಮ್ಮನಿಗೆ ಎಂದಿನಂತೆ ಇರಬೇಕೆಂದು ಹೇಳಿದ್ದ. 3.34ಕ್ಕೆ ಬೀಗದಲ್ಲಿ ಕೀ ತಿರುಗಿತು.

"ತದೈಮಾ."

"ಬಂದ್ಯಾ?" ಮೇಲಿನಿಂದ ದನಿ.

ಹುಡುಗಿ ಕಣ್ಣು ಮುಚ್ಚಿ ಒಂದು ಗಳಿಗೆ ಹಾಗೇ ನಿಂತಳು. ಆಮೇಲೆ ಚಪ್ಪಲಿ ಜೋಡಿಸಿ, ಬುಟ್ಟಿಯ ಮುಂದೆ ಮಂಡಿಯೂರಿ ಬಟ್ಟೆ ಮಡಿಸತೊಡಗಿದಳು. ಶಾರೀಕ್ ಅವಳನ್ನು ಕೂಡಲೇ ತಡೆಯದೆ, ಅವಳು ಒಂದು ಅಂಗಿ ಮಡಿಸುವವರೆಗೂ ಕಾದ. ಯಾಕೆಂದು ಅವನಿಗೂ ಗೊತ್ತಿಲ್ಲ. ಅನುಮತಿಯಿಲ್ಲದೆ ಮನೆ ಹೊಕ್ಕ ಆಪಾದನೆಯ ಮೇಲೆ ಲಾಸ್ಯಾಳ ಬಂಧನವಾಯಿತು. ಮೆಂಡೋಜಾ ಬಂಧಿತರ ಹಕ್ಕುಗಳನ್ನು ಓದಿ ಹೇಳಿದಳು. ಕೈಕೋಳ ಹಾಕಲಿಲ್ಲ.

ಶ್ರೀನಿವಾಸ ಬಂದ ಮೇಲೆ, ಠಾಣೆಯಲ್ಲಿ ಅವನ ಎದುರಿಗೇ ವಿಚಾರಣೆ ನಡೆಯಿತು.

"ಕೀ ಯಾಕೆ ವಾಪಸ್ ಕೊಡಲಿಲ್ಲ?"

"ಕೊಡಕ್ಕೇ ಹೋಗಿದ್ದೆ. ಸ್ಕೂಲ್ ಶುರುವಾದ ವಾರ. ಬಾಗ್ಲು ತೆಗ್ದಿತ್ತು. ಬಾಯ್ ತಪ್ಪಿ ತದೈಮಾ ಅಂದ್ಬಿಟ್ಟೆ."

"ಹಾಗಂದ್ರೆ?"

"ಐ ಆಮ್ ಹೋಮ್. ಈಗ ಬಂದೆ ಅಂತ. ಮನೇಲಿರೋರು ಒಕಾಯೆರಿ ಅಂತಾರೆ. ಬಂದ್ಯಾ ಅಂತ."

ಕನ್ನಡ ಮುಗಿದಲ್ಲಿ ಇಂಗ್ಲಿಷು, ಇಂಗ್ಲಿಷು ಮುಗಿದಲ್ಲಿ ಅಳು. ಆದರೂ ಹೇಳಿದಳು. ಮತ್ಸುಯಾಮಾದಲ್ಲಿ ಬೆಳಿಗ್ಗೆ ಸೈಕಲ್ ಹತ್ತುವಾಗ ಇತ್ತೆಕಿಮಾಸ್ ಎನ್ನಬೇಕು. ನಮ್ಮ 'ಹೋಗಿ ಬರ್ತೀನಿ' ಅದು. ಪಾಠ ಮುಗಿದ ಮೇಲೆ ಮಕ್ಕಳೇ ತರಗತಿಯ ನೆಲ ಒರೆಸುತ್ತಾರೆ. ಸಂಜೆ ಮನೆಗೆ ಬಂದು ಶೂ ತಿರುಗಿಸಿಟ್ಟು ತದೈಮಾ ಎಂದರೆ, ಆ ಮನೆಯ ಅಜ್ಜಿ ಎಲ್ಲಿದ್ದರೂ ಕೂಗಿ ಉತ್ತರಿಸುತ್ತಿದ್ದರು. ಕೆಳಗೆ ಬಿಸಿ ಮಾಡುವ ಕುಳ್ಳು ಮೇಜಿನಡಿ ಇಬ್ಬರೂ ಕಾಲು ತೂರಿಸಿ, ಕಿತ್ತಳೆ ಸುಲಿದು ತಿಂದು, ಒಣಗಿದ ಬಟ್ಟೆ ಮಡಿಸುತ್ತಿದ್ದರು. ಮೊದಮೊದಲು ಒಬ್ಬರ ಮಾತು ಒಬ್ಬರಿಗೆ ಅರ್ಥವಾಗುತ್ತಿರಲಿಲ್ಲ.

"ನಮ್ಮನೇಲಿ ಯಾರೂ ಇರಲ್ಲ, ಮೈಕ್ರೋವೇವ್ ಮೇಲೆ ಚೀಟಿ ಇರತ್ತೆ," ಎಂದಳು. "ಆವತ್ತು ಮೇಲಿಂದ ಆ ಅಜ್ಜಿ 'ಬಂದ್ಯಾ' ಅಂದ್ರು. ಸೋ ಐ ಕೆಪ್ಟ್ ದ ಕೀ."

"ಅವರು ಇಳಿದು ಬಂದಾಗ ಓಡ್ತಿದ್ದೆ, ಯಾಕೆ?"

"ನೋಡಿದ್ರೆ ಯಾರು ನೀನು ಅಂತಿದ್ರಲ್ಲ."

ಶ್ರೀನಿವಾಸನ ಜೇಬಿನಲ್ಲಿ ಪೇಜರ್ ಎರಡು ಸಲ ಗುಂಯ್‌ಗುಟ್ಟಿತು. ಅವನು ತೆಗೆದು ನೋಡಲಿಲ್ಲ.

ಲಾಸ್ಯಾಳನ್ನು ತಂದೆಯ ವಶಕ್ಕೆ ಒಪ್ಪಿಸಿ, ಶಾರೀಕ್ ಕೀ ಹಿಡಿದುಕೊಂಡು ವೆಂಕಟಮ್ಮನ ಮುಂದೆ ಕೂತ. ಎಲ್ಲವನ್ನೂ ಹೇಳಿದ. ಯೋಗಾನಂದ ತಾಯಿಯ ಮುಖ ನೋಡಲಾರದೆ ಕಿಟಕಿಯಾಚೆಯ ನೀರು ನೋಡುತ್ತಿದ್ದ.

"ಅಂಗಾರೆ ಅದು ತಡಿಯಮ್ಮಾ ಅಲ್ವಾ?"

"ಅಲ್ಲ ಅಜ್ಜಿ. ಈಗ ಬಂದೆ ಅಂತ."

ವೆಂಕಟಮ್ಮ ಮುಖ ಎತ್ತಿದರು. ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು.

"ನೋಡು ಮತ್ತೆ, ಬಂದಾಗೆಲ್ಲ ಸರ್ಯಾಗೇ ಉತ್ರ ಕೊಟ್ಟಿವ್ನಿ!"

"ಕಂಪ್ಲೇಂಟು ವಾಪಸ್ ತಗೋತೀರಾ?"

"ತಗತೀನಿ. ಏ ಯೋಗಾ, ಆ ಟಿಕೀಟು ಬ್ಯಾಡ ಅನ್ನು. ಮೂರೂವರೆಗೆ ನಂಗೆ ಕೆಲ್ಸ ಅದೆ." ಆಕೆ ಶಾರೀಕನ ಕೈಯಲ್ಲಿದ್ದ ಕೀ ಕಡೆ ಬೆರಳು ಮಾಡಿದರು. "ಅದನ್ನ ಆ ಮಗೀಗೇ ಕೊಟ್ಬುಡು."

ಠಾಣೆಗೆ ಮರಳಿ ಶಾರೀಕ್ ರಿಪೋರ್ಟು ಮುಗಿಸಿದ. 'ಕೃತ್ಯದ ಉದ್ದೇಶ' ಎಂಬಲ್ಲಿ ಬಹಳ ಹೊತ್ತು ಪೆನ್ನು ನಿಂತಿತು. ಕೊನೆಗೆ, ಮನೆಗೆ ಬಂದೆ ಎಂದು ಯಾರಿಗಾದರೂ ಹೇಳುವುದಕ್ಕೆ ಎಂದು ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿದ.