ಸಹಿಗೆ ಮೊದಲು ನಾಲ್ಕು ತಿರುಗಾಟ

ಬೈಂದೂರು ಬಸ್ ನಿಲ್ದಾಣದಲ್ಲಿ, ಏಳು ವರ್ಷಗಳಲ್ಲಿ ಮೊದಲ ಬಾರಿಗೆ ಗಂಡನ ಮುಖವನ್ನು ನೇರವಾಗಿ ನೋಡಿದಾಗ ಹರಿಣಾಕ್ಷಿಗೆ ಅನಿಸಿದ್ದು ಒಂದೇ.

ಇವರೂ ದಣಿದಿದ್ದಾರೆ...

ಯತೀಶ್ ಕಂಬಕ್ಕೆ ಒರಗಿ ನಿಂತಿದ್ದ. ಕಡಲ ಬಿಸಿಲಿಗೆ ಕಪ್ಪಾದ ಮುಖ, ಗಡ್ಡದಲ್ಲಿ ಅಲ್ಲಲ್ಲಿ ಬಿಳಿ. ಅವಳನ್ನೂ ಮಗಳನ್ನೂ ಕಂಡೊಡನೆ ನೆಟ್ಟಗೆ ನಿಂತ.

"ಬಂದ್ಯಾ?" ಎಂದ.

ಮಗಳನ್ನು ಕೇಳಿದ್ದೋ, ಹೆಂಡತಿಯನ್ನು ಕೇಳಿದ್ದೋ ಗೊತ್ತಾಗಲಿಲ್ಲ. ಉತ್ತರ ಕೊಟ್ಟದ್ದು ಮಗಳು ಮಾತ್ರ. ಹರಿಣಾಕ್ಷಿ ಬಸ್ಸಿನ ಬೋರ್ಡು ಓದುವವಳಂತೆ ಮುಖ ತಿರುಗಿಸಿದಳು.

ಅದು 2011ರ ಮೇ ತಿಂಗಳ ಮೊದಲ ವಾರ. ಅದೇ ತಿಂಗಳ ಇಪ್ಪತ್ತಮೂರನೇ ತಾರೀಕು, ಸೋಮವಾರ, ಕುಂದಾಪುರದ ವಕೀಲರೊಬ್ಬರ ಕಚೇರಿಯಲ್ಲಿ ಇವರಿಬ್ಬರೂ ವಿಚ್ಛೇದನದ ಅರ್ಜಿಗೆ ಸಹಿ ಹಾಕುವುದೆಂದು ತೀರ್ಮಾನವಾಗಿತ್ತು.

ತೀರ್ಮಾನ ಮಾಡಿದ್ದು ಹರಿಣಾಕ್ಷಿಯ ಸೋದರಮಾವ ಚಂದಯ್ಯ. ಅವರ ಮನೆಯಲ್ಲಿ ಮಾವನ ಮಾತೇ ಕೊನೆ. ಹುಡುಗಿಗೆ ಮೂವತ್ತೊಂದಾಯಿತು, ಹಗ್ಗ ಆ ಕಡೆ ಕಟ್ಟಿಲ್ಲ, ಈ ಕಡೆ ಬಿಚ್ಚಿಲ್ಲ, ಹೀಗೆ ಎಷ್ಟು ದಿನ ಎಂದು ಅವರು ಕೇಳಿದ್ದರು.

ಯತೀಶ್ ಫೋನಿನಲ್ಲಿ ಒಪ್ಪಿಕೊಂಡ. ಒಂದೇ ಒಂದು ಬೇಡಿಕೆ ಇಟ್ಟ. ಸಹಿಗೆ ಮೊದಲು, ಶಾಲೆಯ ರಜೆಯಲ್ಲಿ, ಮಗಳನ್ನು ನಾಲ್ಕು ದಿನ ತಿರುಗಾಡಲು ಕಳುಹಿಸಬೇಕು. ಬೆಳಿಗ್ಗೆ ಕರೆದೊಯ್ದು ಸಂಜೆಗೆ ಬಿಟ್ಟು ಹೋಗುತ್ತೇನೆ ಎಂದ.

ದೀಪಾವಳಿಗೊಮ್ಮೆ ಬಂದು, ಜಗಲಿಯಲ್ಲಿ ಇಪ್ಪತ್ತು ನಿಮಿಷ ಕೂತು ಹೋಗುವ ಅಪ್ಪನ ಜೊತೆ ಏಳು ವರ್ಷದ ಹುಡುಗಿಯನ್ನು ಒಂಟಿಯಾಗಿ ಕಳುಹಿಸಲು ಚಂದಯ್ಯ ತಯಾರಿರಲಿಲ್ಲ. ತಾಯಿಯೂ ಜೊತೆಗೆ ಹೋಗಬೇಕು ಎಂದರು.

ಹೀಗೆ ಹರಿಣಾಕ್ಷಿ ಕಾವಲಿಗೆ ಬಂದವಳು.

ಅವಳಿಗೆ ಬೇಕಾಗಿದ್ದುದು ತಿರುಗಾಟವಲ್ಲ, ಚಾಪೆ. ಊರಿನ ಶಾಲೆಯಲ್ಲಿ ಅವಳದು ಬಿಸಿಯೂಟದ ಅಡುಗೆ ಕೆಲಸ. ಇಬ್ಬರು ಹೆಂಗಸರು, ನೂರ ಎಂಬತ್ತು ಮಕ್ಕಳು. ಹತ್ತು ತಿಂಗಳು ಬೆಳಿಗ್ಗೆ ಐದಕ್ಕೆ ಎದ್ದ ಮೈ ಅದು. ಏಪ್ರಿಲ್ ಹತ್ತರಂದು ಶಾಲೆಗೆ ಬೀಗ ಬಿದ್ದ ಮೇಲೂ ಆಯಾಸ ಕಾಲು ಬಿಟ್ಟಿರಲಿಲ್ಲ.

ನಾಲ್ಕು ದಿನ ತಾನೇ... ಕಳೆದುಬಿಡುತ್ತದೆ ಅಂದುಕೊಂಡಳು.

ಮೊದಲ ದಿನ ಮರವಂತೆ. ರಸ್ತೆಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ. ಮಗಳು ಧನ್ಯಶ್ರೀಗೆ ಎರಡೂ ಒಟ್ಟಿಗೇ ಬೇಕಿತ್ತು. ಅಲೆ ನೋಡಿದವಳು ಇದ್ದಕ್ಕಿದ್ದಂತೆ ಹೊಳೆಯ ಕಡೆ ಓಡಿದಳು. ಹೆದ್ದಾರಿಯಲ್ಲಿ ಲಾರಿ ಬರುತ್ತಿತ್ತು.

ಇಬ್ಬರೂ ಒಂದೇ ಉಸಿರಿಗೆ ಮಗಳ ಹೆಸರು ಕೂಗಿದರು. ಇಬ್ಬರ ಕೈಗಳೂ ಅವಳ ಒಂದೊಂದು ತೋಳು ಹಿಡಿದವು. ಲಾರಿ ಹಾದುಹೋದ ಮೇಲೂ ಯಾರೂ ಬಿಡಲಿಲ್ಲ. ಮೂವರೂ ಹಾಗೆಯೇ ರಸ್ತೆ ದಾಟಿದರು. ಆಚೆ ತಲುಪಿದ ಮೇಲೆ ಹರಿಣಾಕ್ಷಿಯೇ ಮೊದಲು ಕೈ ಬಿಟ್ಟಳು.

ಮಧ್ಯಾಹ್ನ ತೆಂಗಿನ ಮರದ ನೆರಳಲ್ಲಿ ಅವಳು ಬುತ್ತಿ ಬಿಚ್ಚಿದಳು. ಅನ್ನ ಬಡಿಸುವಾಗ ಸೀರೆಯ ಸೆರಗು ಸರಿದು, ಮಣಿಕಟ್ಟಿನ ಸುಟ್ಟ ಕಲೆಗಳು ಕಂಡವು. ದೊಡ್ಡ ಪಾತ್ರೆಯ ಗಂಜಿ ಬಸಿಯುವಾಗ ಆದವು. ಯತೀಶ್ ನೋಡಿದ. ಉಂಡಾದ ಮೇಲೆ ಮಗಳ ಕಡೆ ಬಾಗಿದ.

"ನಿನ್ನಮ್ಮನ ಹತ್ರ ಹೇಳ್. ಇನ್ನ್ ಬುತ್ತಿ ತರುದ್ ಬ್ಯಾಡ. ಹೋಟ್ಲಗ್ ಉಂಬ."

"ಹೋಟ್ಲ್ ಊಟ ಮಗಿಗೆ ಖಾರ ಆತ್ತ್ ಅಂತ ಹೇಳ್ ನಿನ್ನಪ್ಪನ ಹತ್ರ," ಎಂದಳು ಹರಿಣಾಕ್ಷಿ.

ಧನ್ಯಶ್ರೀ ಐಸ್‌ಕ್ಯಾಂಡಿ ಚೀಪುತ್ತಾ ಒಮ್ಮೆ ಅಪ್ಪನನ್ನು, ಒಮ್ಮೆ ಅಮ್ಮನನ್ನು ನೋಡಿದಳು.

"ನೀವ್ ನೀವೇ ಮಾತಾಡಿ ಕಾಂಬ. ನಂದ್ ಐಸ್ ಕರ್ಗತ್ತ್."

ಯತೀಶನಿಗೆ ನಗು ಬಂತು. ಹರಿಣಾಕ್ಷಿಗೂ ಬಂತು. ಅವಳು ಅದನ್ನು ನುಂಗಿಕೊಂಡು ಪಾತ್ರೆ ತೊಳೆಯಲು ಎದ್ದಳು.

ಎರಡನೆಯ ಸಲ ಕೊಲ್ಲೂರು. ದರ್ಶನದ ಸಾಲು ಉದ್ದ, ಸೆಕೆ ವಿಪರೀತ. ಹಿಂದಿರುಗುವಾಗ ಬೈಂದೂರಿನ ನೇರ ಬಸ್ ತಪ್ಪಿತು. ವಂಡ್ಸೆಯ ಮೇಲೆ ಹೋಗುವ ಕುಂದಾಪುರದ ಬಸ್ ಹತ್ತಿ, ಹೆಮ್ಮಾಡಿಯಲ್ಲಿ ಇಳಿದು, ಬೇರೆ ಬಸ್ ಹಿಡಿಯಬೇಕಾಯಿತು. ಇದ್ದ ಒಂದೇ ಸೀಟಿನಲ್ಲಿ ಹರಿಣಾಕ್ಷಿ ಕೂತಳು. ಕಿಟಕಿಯ ಸರಳಿಗೆ ತಲೆ ಕೊಟ್ಟದ್ದಷ್ಟೇ ಅವಳಿಗೆ ನೆನಪು.

ಎಚ್ಚರವಾದಾಗ ಹೆಮ್ಮಾಡಿ ಬಂದಿತ್ತು. ತುಂಬಿದ ಬಸ್ಸಿನಲ್ಲಿ ಯತೀಶ್ ಅವಳ ಪಕ್ಕದಲ್ಲೇ ನಿಂತಿದ್ದ. ಒಂದು ತೋಳಿನಲ್ಲಿ ನಿದ್ದೆ ಹೋದ ಮಗಳು, ಇನ್ನೊಂದು ಕೈ ಮೇಲಿನ ಕಂಬಿಯಲ್ಲಿ. ಅಷ್ಟು ದೂರ, ಅಷ್ಟು ತಿರುವುಗಳಲ್ಲಿ, ಮಗುವನ್ನು ಹಿಡಿದುಕೋ ಎಂದು ಅವನು ಅವಳನ್ನು ಎಬ್ಬಿಸಿರಲಿಲ್ಲ.

ನನ್ನನ್ನು ಎಬ್ಬಿಸದೆ ಬಿಟ್ಟವರು ಈ ಏಳು ವರ್ಷದಲ್ಲಿ ಯಾರಿದ್ದಾರೆ?

ಆ ಪ್ರಶ್ನೆ ಮನೆಗೆ ಬಂದ ಮೇಲೂ ಹೋಗಲಿಲ್ಲ. ಮೂರನೆಯ ತಿರುಗಾಟಕ್ಕೆ ತಾನು ಕಾಯುತ್ತಿದ್ದೇನೆ ಎಂದು ಗೊತ್ತಾದಾಗ ಹರಿಣಾಕ್ಷಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಸಹಿ ಹಾಕಲು ಹೊರಟವಳಿಗೆ ಇದೆಲ್ಲ ಯಾಕೆ?

ಆ ದಿನ ಕುಂದಾಪುರದಿಂದ ದೋಣಿಯಲ್ಲಿ ಹೊಳೆ ದಾಟಿ ಗಂಗೊಳ್ಳಿಗೆ ಹೋದರು. ಯತೀಶ್ ದುಡಿಯುವುದು ಟ್ರಾಲ್ ಬೋಟಿನಲ್ಲಿ. ಆ ವರ್ಷ ಮೀನು ಕಡಿಮೆಯಾಗಿ, ಡೀಸೆಲ್ಲಿನ ಖರ್ಚೂ ಹುಟ್ಟದೆ ಬೋಟು ಬೇಗ ದಡ ಸೇರಿತ್ತು. ಮಗಳಿಗೆ ಅದನ್ನು ತೋರಿಸಿದ. ಐಸ್ ಪ್ಲಾಂಟಿನಲ್ಲಿ ಐಸ್ ಪುಡಿ ಮಾಡುವುದನ್ನು ತೋರಿಸಿದ. ಆಮೇಲೆ ಮಗಳು ಕೇಳಿದಳು, ನಿಮ್ಮ ಮನೆ ಎಲ್ಲಿ ಎಂದು.

ಅದು ಅವನ ಲೆಕ್ಕದಲ್ಲಿರಲಿಲ್ಲ. ಆದರೂ ಮಗಳು ಕೇಳಿದ ಮೇಲೆ ಕರೆದುಕೊಂಡು ಹೋದ.

ಹಂಚಿನ ಸಣ್ಣ ಮನೆ. ಧನ್ಯಶ್ರೀ ಚಪ್ಪಲಿ ಬಿಟ್ಟು ಒಳಗೆ ಓಡಿದಳು. ಹರಿಣಾಕ್ಷಿ ಅಂಗಳದ ಗೇಟಿನಂತಿದ್ದ ದಣಪೆಯ ಹೊರಗೆ, ಬಿಸಿಲಿನಲ್ಲೇ ನಿಂತಳು. ಹೆರಿಗೆಗೆ ತವರಿಗೆ ಹೋದವಳು ಗಂಡನ ಕಡೆಯವರು ಬಂದು ಕರೆಯದೆ ಆ ಮನೆಯ ಹೊಸಿಲು ಮೆಟ್ಟುವುದು ಕ್ರಮವಲ್ಲ. ಏಳು ವರ್ಷ ಅವಳನ್ನು ಹಿಡಿದು ನಿಲ್ಲಿಸಿದ್ದು ಆ ಒಂದು ಮಾತು.

"ಅಮ್ಮ ಎಂತಕೆ ಒಳ್ಗ್ ಬತ್ತಿಲ್ಲೆ ಅಪ್ಪ?" ಮಗಳು ಬಾಗಿಲಿಗೆ ಬಂದು ಕೇಳಿದಳು.

ಯತೀಶ್ ಅಂಗಳದ ನೆಲ ನೋಡಿದ. "ನಿನ್ನಮ್ಮನಿಗೆ ಈ ಮನಿ ಬ್ಯಾಡ ಮಗಾ. ಕರುಕೆ ಹೋದಾಗ್ಳೂ ಬರ್ಲಿಲ್ಲ."

ಹರಿಣಾಕ್ಷಿಗೆ ಕಿವಿಯನ್ನು ನಂಬಲಾಗಲಿಲ್ಲ.

"ಯಾರ್ ಕರುಕೆ ಬಂದಿರ್?"

ಮಗಳ ಮೂಲಕವಲ್ಲದೆ ಅವಳು ಅವನಿಗೆ ಆಡಿದ ಮೊದಲ ಮಾತು ಅದು.

"ನಾನ್."

"ಯಾವತ್ತ್?"

"ನನ್ ಅಬ್ಬಿ ತೀರ್ಕಂಡ್ ವರ್ಷಾಂತ ಮುಗ್ದ ಮೇಲೆ. ಚೌತಿ ಕಳ್ದ್ ವಾರ."

ಆ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ಮಗುವಿಗೆ ಆಗ ಒಂದೂವರೆ ವರ್ಷ.

"ಆವತ್ತ್ ನೀವ್ ಬಂದದ್ದ್ ಮಗು ಕಾಂಬುಕೆ."

"ಮಗು ಕಾಂಬುಕೆ ಯಾರಾರೂ ಬಿಳಿ ಪಂಚಿ ಉಟ್ಕಂಡ್ ಬತ್ರಾ?"

"ಒಟ್ಟಿಗೆ ಹೆಂಗ್ಸರಿಲ್ಲೆ, ಕೈಯಗ್ ವೀಳ್ಯ ಇಲ್ಲೆ. ನಂಗೆ ಹ್ಯಾಂಗ್ ಗೊತ್ತಾಪುದ್?"

ಯತೀಶ್ ಜಗಲಿಯ ಅಂಚಿನಲ್ಲಿ ಕುಸಿದಂತೆ ಕೂತ. ನಡೆದದ್ದನ್ನು ನಿಧಾನಕ್ಕೆ ಹೇಳಿದ.

ಬಾಣಂತಿಯನ್ನು ಕರೆಯಲು ಹೋಗುವುದು, ವೀಳ್ಯ ಹಿಡಿಯುವುದು, ಮಾತು ಎತ್ತುವುದು ಎಲ್ಲವೂ ಹೆಂಗಸರ ಕೆಲಸ. ಮಗು ಹುಟ್ಟಿ ಮೂರೇ ತಿಂಗಳಿಗೆ ಅವನ ತಾಯಿ ತೀರಿಕೊಂಡಿದ್ದಳು. ಅಕ್ಕತಂಗಿಯರು ಇರಲಿಲ್ಲ. ಒಂದು ವರ್ಷ ಶುಭಕಾರ್ಯವೂ ಇರಲಿಲ್ಲ. ವರ್ಷ ಕಳೆದ ಮೇಲೆ, ತಾನು ಬರುತ್ತೇನೆ ಎಂದು ನೆರೆಮನೆಯ ನಾಗಕ್ಕ ಒಪ್ಪಿಕೊಂಡಳು. ದಿನ ನೋಡಿ ಆಯಿತು. ಹೊರಡುವ ಬೆಳಿಗ್ಗೆ ನಾಗಕ್ಕನ ಮೈದುನ ಸತ್ತ ಸುದ್ದಿ ಬಂತು. ಸೂತಕದವಳು ವೀಳ್ಯ ಹಿಡಿಯುವ ಹಾಗಿಲ್ಲ. ಗಂಡಸು ಹಿಡಿದರೆ ಊರು ನಗುತ್ತದೆ. ಯತೀಶ್ ಬರಿಗೈಯಲ್ಲಿ ಒಬ್ಬನೇ ಬಸ್ ಹತ್ತಿದ.

"ನಿಮ್ಮ ಅಂಗಳಕ್ ಬಂದೆ. ಬಾಯಿ ಬಿಡುಕೆ ಆಯ್ಲಿಲ್ಲ. ನನ್ ಕಂಡ್ರೆ ನಿಂಗೆ ಗೊತ್ತಾತ್ತ್ ಅಂದೇಳಿ... ನೀನ್ ಚೀಲ ಹಿಡ್ಕಂಡ್ ಹೊರ್ಗ್ ಬಪ್ಪುದನ್ನ ಕಾದೆ."

"ನಾನ್ ಅಡ್ಗಿಮನಿ ಬಾಗ್ಲ್ ಹಿಂದ್ ನಿಂತಿದ್ದೆ," ಎಂದಳು ಹರಿಣಾಕ್ಷಿ. "ನಿಮ್ಮ್ ಹಿಂದ್ ಯಾರಾರೂ ಹೆಂಗ್ಸರ್ ಬತ್ರಾ ಅಂತ ಕಾಣ್ತಾ."

ಅವಳು ಬೇಡವೆಂದಳು ಎಂದು ಅವನು, ಅವನಿಗೆ ಬೇಡವಾಯಿತು ಎಂದು ಅವಳು. ಕೇಳಲು ಇಬ್ಬರಿಗೂ ಬಿಗುಮಾನ. ಬೈಂದೂರಿಗೂ ಗಂಗೊಳ್ಳಿಗೂ ಬಸ್ಸಿನಲ್ಲಿ ಒಂದು ಗಂಟೆಯ ದಾರಿಯೂ ಇಲ್ಲ.

ಅಳು ಬರುತ್ತದೆ ಅಂದುಕೊಂಡಳು ಹರಿಣಾಕ್ಷಿ. ಬರಲಿಲ್ಲ. ಮೈಯೆಲ್ಲ ಭಾರವಾಯಿತು ಅಷ್ಟೇ. ಇಷ್ಟಕ್ಕಾ... ಇಷ್ಟಕ್ಕೆ ಏಳು ವರ್ಷವಾ?

"ಯಾರ್ ತಪ್ಪ್ ಅಂತ ಹುಡ್ಕುಕೆ ನಂಗೆ ಇನ್ನ್ ಶಕ್ತಿ ಇಲ್ಲೆ," ಎಂದಳು. "ಮಗಿನ್ನ ಕರೀನಿ. ದೋಣಿಗೆ ಹೊತ್ತಾತ್ತ್."

ಅವನು ಬಾ ಎನ್ನಲಿಲ್ಲ. ಅವಳು ದಣಪೆ ದಾಟಲಿಲ್ಲ.

ನಂತರದ ಆರು ದಿನ ಫೋನ್ ಬರಲಿಲ್ಲ. ಎಲ್ಲ ಗೊತ್ತಾದ ಮೇಲೂ ಕರೆಯದವರನ್ನು ಏನೆನ್ನಬೇಕು? ಅವಳು ಮಾವನ ಬಳಿ, ಸೋಮವಾರ ಎಷ್ಟು ಗಂಟೆಗೆ ಹೊರಡುವುದು ಎಂದು ಕೇಳಿದಳು. ಒಂಬತ್ತಕ್ಕೆ ಎಂದರು ಚಂದಯ್ಯ. ತಾಯಿ ಸೀತು ಏನೋ ಹೇಳಲು ಹೊರಟು, ಮಗಳ ಮುಖ ನೋಡಿ ಒಲೆಯ ಕಡೆ ತಿರುಗಿದಳು.

ಭಾನುವಾರ, ಮೊದಲೇ ಗೊತ್ತುಮಾಡಿದ್ದ ಕೊನೆಯ ತಿರುಗಾಟ, ಒತ್ತಿನೆಣೆ ಗುಡ್ಡಕ್ಕೆ. ಮೇಲೆ ಗಾಳಿ ಜೋರಾಗಿತ್ತು, ಕೆಳಗೆ ಕಡಲು ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಧನ್ಯಶ್ರೀ ಗುಡ್ಡವೆಲ್ಲ ಓಡಿದಳು. ಯತೀಶ್ ದಿನವಿಡೀ ಮಾತನಾಡಲಿಲ್ಲ. ಎಳನೀರಿನ ಬೊಂಡ ಕೊಡಿಸಿದ, ಬಿದ್ದ ಮಗಳ ಮಂಡಿಗೆ ಕರವಸ್ತ್ರ ಕಟ್ಟಿದ, ಕಡಲು ನೋಡುತ್ತಾ ಕೂತ.

ಹೇಳಲು ಏನೂ ಉಳಿದಿಲ್ಲ ಅಂತ ಕಾಣುತ್ತದೆ. ಇರಲಿ. ನಾಳೆ ಈ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಮುಗಿದರೆ ಮಲಗಬಹುದು...

ಹೊತ್ತು ಮುಳುಗುವ ಮೊದಲೇ ಇಳಿದರು. ಮನೆಗೆ ಹೋಗುವ ಓಣಿಯ ತಿರುವಿನಲ್ಲಿ ಪ್ರತಿ ಸಲ ಅವನು ಮಗಳ ಕೈ ಬಿಟ್ಟು ಹಿಂದೆ ತಿರುಗುತ್ತಿದ್ದ. ಹರಿಣಾಕ್ಷಿ ನಿಂತಳು. ಕೊನೆಯದಾಗಿ ಒಂದು ಮಾತು ಆಡಬೇಕೆಂದು ಬಾಯಿ ತೆರೆದಳು.

ಯತೀಶ್ ನಿಲ್ಲಲಿಲ್ಲ. ಮಗಳ ಕೈ ಹಿಡಿದು ನೇರ ಅಂಗಳಕ್ಕೆ ನಡೆದ.

ಚಂದಯ್ಯ ಜಗಲಿಯಲ್ಲಿ ಬಲೆಯ ತೂತು ಹೆಣೆಯುತ್ತಿದ್ದರು. ಸೀತು ಅಲ್ಲೇ ಕೂತು ಮೀನು ಸೋಸುತ್ತಿದ್ದಳು. ಅವನು ಇಬ್ಬರಿಗೂ ಕೈ ಮುಗಿದ. ಹರಿಣಾಕ್ಷಿ ಅಂಗಳದ ಆಚೆಯೇ ನಿಂತಳು.

"ನಮ್ಮನಿ ಹೆಣ್ಣನ್ನ, ಮಗಿನ್ನ ಕರ್ಕಂಡ್ ಹೋಪುಕೆ ಬಂದಿದ್ದೆ. ಕಳ್ಸಿಕೊಡ್ಕ್."

ಚಂದಯ್ಯನ ಕೈಯ ದಾರ ನಿಂತಿತು. "ಇದ್ ಹೆಂಗ್ಸರ್ ಆಡು ಮಾತಲ್ದಾ ಮಾರಾಯ? ನಿನ್ನೊಟ್ಟಿಗೆ ಯಾರ್ ಬಂದಿರ್?"

"ಯಾರೂ ಇಲ್ಲೆ ಮಾವ. ನಾಗಕ್ಕ ಬತ್ತೆ ಅಂದ್ರ್. ನಾನೇ ಬ್ಯಾಡ ಅಂದೆ. ಆವತ್ತ್ ಹೇಳ್ಕಿದ್ದ್ ನಾನೇ. ಇವತ್ತೂ ನಾನೇ ಹೇಳ್ಕ್."

ಚಂದಯ್ಯ ಕನ್ನಡಕ ತೆಗೆದರು. ನಾಳೆ ವಕೀಲರಿಗೆ ಏನು ಹೇಳುವುದು ಎಂದು ಗೊಣಗಿದರು. ಇದು ಇನ್ನೂ ಮೊದಲೇ ಹೊಳೆಯಬೇಕಿತ್ತಲ್ಲ ಎಂದೂ ಹೇಳಿದರು. ಆಮೇಲೆ, ಈ ಏಳು ವರ್ಷದಲ್ಲಿ ಒಮ್ಮೆಯೂ ಕೇಳದವರು, ಸೋದರಸೊಸೆಯ ಕಡೆ ತಿರುಗಿದರು.

"ನೀನೆಂತ ಹೇಳ್ತೆ ಹೆಣೆ?"

ಹರಿಣಾಕ್ಷಿ ಅಂಗಳ ದಾಟಿ ಬಂದು ಗಂಡನ ಪಕ್ಕದಲ್ಲಿ ನಿಂತಳು.

"ನಾಳೆ ಕುಂದಾಪ್ರಕ್ ಹೋಪುದ್ ಬ್ಯಾಡ ಮಾವ," ಎಂದಳು. ನಂತರ ಯತೀಶನ ಕಡೆ ನೋಡಿದಳು. "ಶಾಲಿ ಸುರುವಾರೆ ನಂಗೆ ಅಡ್ಗಿ ಕೆಲ್ಸ ಇತ್ತ್. ಅದ್ ಬಿಡುದಿಲ್ಲ."

ಬಿಡುವುದು ಬೇಡ ಎಂದ ಯತೀಶ್. ಗಂಗೊಳ್ಳಿಯಿಂದ ಬೆಳಗಿನ ಬಸ್ ಎಷ್ಟು ಗಂಟೆಗೆ ಎಂದು ಅವನು ಆಗಲೇ ವಿಚಾರಿಸಿದ್ದ.

ಸೀತು ಮೀನಿನ ಕೈಯಲ್ಲೇ ಕಣ್ಣು ಒರೆಸಿಕೊಳ್ಳಲು ಹೋಗಿ ಮೊಮ್ಮಗಳಿಂದ ಬೈಸಿಕೊಂಡಳು. ಇಬ್ಬರೂ ಬಾವಿಯ ಕಡೆ ಹೋದರು. ಚಂದಯ್ಯ, ಇಲ್ಲದ ಕೆಲಸ ನೆನಪಿಸಿಕೊಂಡು ಒಳಗೆ ಎದ್ದು ಹೋದರು.

ಜಗಲಿಯಲ್ಲಿ ಇಬ್ಬರೇ ಉಳಿದರು. ಹರಿಣಾಕ್ಷಿ ಗೋಡೆಗೆ ಒರಗಿ ಕೂತಳು. ಸ್ವಲ್ಪ ದೂರದಲ್ಲಿ ಅವನೂ ಕೂತ.

"ಸುಸ್ತಾಯ್ತಾ?" ಯತೀಶ್ ಮೆಲ್ಲಗೆ ಕೇಳಿದ.

"ತುಂಬ."

"ನಾಳೆ ಹೋಪನಾ, ಮನಿಗೆ?"

ಅವಳು ಕಣ್ಣು ಮುಚ್ಚಿದಳು. "ನಾಳೆ ಆತಿಲ್ಲೆ. ನಾಳೆ ನಂಗೆ ನಿದ್ದಿ ಮಾಡ್ಕ್. ನಾಡಿದ್ದ್ ಹೋಪ."

"ಮಲ್ಕೊ," ಎಂದ. "ಎಬ್ಸುದಿಲ್ಲ. ನಾನ್ ಇಲ್ಲೇ ಇರ್ತೆ."