ಒಂದೇ ಲಿವರಿನ ಸೈಕಲ್

ರೂಪೇಶನ ಎರಡು ಬೆರಳು ಹೋದ ಮರುದಿನ ಸುಂದರ ಕುಟ್ಟಿಯಮ್ಮನ ಅಂಗಳಕ್ಕೆ ಜೀಪು ನುಗ್ಗಿಸಿದ. ಕಡಬದಲ್ಲಿ ಬ್ರೇಕು ಹಿಡಿದರೆ ಕೊಯಿಲದಲ್ಲಿ ನಿಲ್ಲುವ ಜೀಪು ಅದು. ಅವತ್ತು ರಬ್ಬರ್ ಶೀಟು ಒಣಹಾಕಿದ ಹಗ್ಗಕ್ಕೆ ಸಿಕ್ಕಿ, ಹದಿನಾರು ಶೀಟು ಹೊದ್ದುಕೊಂಡು ಮದುಮಗಳ ಹಾಗೆ ನಿಂತಿತು.

"ಅಮ್ಮಚ್ಚಿ, ನನ್ನ ತಂಗಿಯ ಮಗ ರೂಪೇಶನನ್ನು ನಾಳೆ ಪೊಲೀಸರು ಕೊಂಡೋಗ್ತಾರಂತೆ. ಸೈಕಲಿಗೆ ಅವ ಕೂರಿಸಿದ ಗೇರಿನಿಂದಲೇ ಕೌಶಲ್ ಸತ್ತದ್ದು ಅಂತ."

ಎಪ್ಪತ್ತರ ಕುಟ್ಟಿಯಮ್ಮ ಜೀವನದಲ್ಲಿ ಸೈಕಲ್ ಹತ್ತಿದವಳಲ್ಲ. ಆದರೆ ಊರು 'ಬಿದ್ದು ಸತ್ತ' ಎಂದ ನಾಲ್ಕು ಹೆಣಗಳನ್ನು ದೂಡಿದವರು ಯಾರೆಂದು ತೋರಿಸಿಕೊಟ್ಟವಳು. ನಾಲ್ಕು ಸಲವೂ ಅವಳ ಸಾರಥಿ ಸುಂದರನೇ.

"ಬೆರಳು ತೆಗೆದದ್ದು ಯಾರು?"

"ಕೌಶಲನ ಮಾವಂದಿರು. ಚಕ್ರ ತಿರುಗಿಸಿ ಇವನ ಕೈಯನ್ನು ಒಳಗಿಟ್ರು. ಕೌಶಲನ ಅಮ್ಮ ಪಂಕಜಾಕ್ಷಿ ನೋಡ್ತಾ ನಿಂತಿದ್ರಂತೆ."

"ಸತ್ತದ್ದು ಹೇಗೆ?"

ಸುಂದರ ಹೇಳಿದ. ಕೌಶಲ್, ಅವಿನ್, ಡೆನ್ನಿಸ್ ಮೂವರೂ ರೇಸ್ ಸೈಕಲಿನವರು. ರಾಜ್ಯದ ರೇಸಿಗೆ ಇಲ್ಲಿಂದ ಒಬ್ಬನಿಗೇ ಜಾಗ. ಡೆನ್ನಿಸನಿಗೂ ಕೌಶಲನಿಗೂ ಅದೇ ವಿಷಯಕ್ಕೆ ಕಾಲರ್ ಹಿಡಿದು ಜಗಳ ಆಗಿತ್ತು. ಶನಿವಾರ ಬೆಳಿಗ್ಗೆ ಕೊಯಿಲದ ಏರು ಹತ್ತುವಾಗ ಡೆನ್ನಿಸ್ ಎಲ್ಲರಿಗಿಂತ ಮುಂದೆ, ಏನೂ ಕಾಣಲಿಲ್ಲವಂತೆ. ಕೌಶಲನ ಹಿಂದೆ ಅವಿನ್.

"ಅವಿನ್ ಕಣ್ಣಾರೆ ನೋಡಿದ್ದಾನೆ ಅಮ್ಮಚ್ಚಿ. ಗೇರು ಬದಲಿಸಲಿಕ್ಕೆ ಕೌಶಲ್ ಬ್ರೇಕಿನ ಹಿಡಿಯನ್ನು ಒಳಗೆ ದೂಡಿದ, ಚೈನು ಹಿಂದಿನ ದೊಡ್ಡ ಹಲ್ಲುಚಕ್ರ ಹಾರಿ ಕಡ್ಡಿಗಳ ಒಳಗೆ ಬಿತ್ತು, ಚಕ್ರ ಕಟ್ಟಿಹೋಗಿ ಮೋರಿಯ ಕೆಳಗೆ ಬಿದ್ದ. ಅಷ್ಟೇ."

ಕುಟ್ಟಿಯಮ್ಮ ಜೀಪು ಹತ್ತಿದಳು, ಶೀಟುಗಳ ಸಮೇತ.

ರೂಪೇಶನ ಅಂಗಡಿ ಕಡಬದ ಪೇಟೆಯಲ್ಲಿ. ಕಟ್ಟು ಹಾಕಿದ ಕೈಯನ್ನು ಎದೆಗೆ ಅವುಚಿಕೊಂಡು ಅವನು ಮೂಲೆಯಲ್ಲಿ ಕೂತಿದ್ದ.

"ಅಳುದು ಆಮೇಲೆ ಮೋನೆ," ಎಂದಳು ಕುಟ್ಟಿಯಮ್ಮ. ಅವಳ ಮಲಯಾಳದಲ್ಲಿ ಹುಡುಗರೆಲ್ಲ 'ಮೋನೆ', ಅಂದರೆ ಮಗ. "ಎಂತ ಗೇರು ಕೂರಿಸಿದ್ದು, ಹೇಳು."

"ಎರಡು ನಮೂನೆ ಉಂಟು ಅಮ್ಮಚ್ಚಿ, ರೇಟು ಹೆಚ್ಚುಕಮ್ಮಿ ಒಂದೇ. ಜಪಾನಿನದ್ದಕ್ಕೆ ಎರಡು ಲಿವರು. ಬ್ರೇಕಿನ ಹಿಡಿಯನ್ನೇ ಒಳಗೆ ದೂಡಿದರೆ ಚೈನು ದೊಡ್ಡ ಹಲ್ಲುಚಕ್ರಕ್ಕೆ, ಏರು ಹತ್ತಲಿಕ್ಕೆ ಹಗುರ. ಹಿಡಿಯ ಹಿಂದಿನ ಸಣ್ಣ ಲಿವರು ಒತ್ತಿದರೆ ಸಣ್ಣ ಚಕ್ರ, ಭಾರ. ಅಮೆರಿಕದ್ದಕ್ಕೆ ಹಿಡಿಯ ಹಿಂದೆ ಒಂದೇ ಲಿವರು. ಸ್ವಲ್ಪ ತಟ್ಟಿದರೆ ಭಾರ, ಪೂರ್ತಿ ದೂಡಿದರೆ ಹಗುರ. ಡೆನ್ನಿಸನದ್ದು ಎರಡು ವರ್ಷದಿಂದ ಅದೇ. ಅವಿನಂದು ಜಪಾನ್."

"ಕೌಶಲಂದು?"

"ಜಪಾನೇ ಇತ್ತು. ಶುಕ್ರವಾರ ಕತ್ತಲಾಗುವಾಗ ಅಮೆರಿಕದ್ದು ಕೂರಿಸಿದೆ. ಯಾರಿಗೂ ಹೇಳಬೇಡ ಅಂದಿದ್ದ, ಏರಿನಲ್ಲಿ ಇಬ್ಬರ ಮುಖ ನೋಡಲಿಕ್ಕೆ."

ಕುಟ್ಟಿಯಮ್ಮ ವೀಳ್ಯದ ಕೆಂಪು ಹಲ್ಲು ಬಿಟ್ಟು ನಕ್ಕಳು. ಆ ನಗು ನೋಡಿದಾಗೆಲ್ಲ ಸುಂದರನಿಗೆ ಯಾರದೋ ಕತ್ತು ಹೋಯಿತೆಂದು ಗೊತ್ತಾಗುತ್ತಿತ್ತು.

ಮರುದಿನ ಠಾಣೆಯ ಜಗಲಿಯಲ್ಲಿ ಎಲ್ಲರೂ ಸೇರಿದರು. ಮೋರಿಯ ಮೇಲೆಯೇ ಬಿದ್ದಿದ್ದಲ್ಲಿಂದ ಎತ್ತಿ ಸೀಲು ಹಾಕಿದ ಸೈಕಲನ್ನು ಎಸ್ಸೈ ಹೊರಗೆ ತರಿಸಿದರು. ಚೈನು ಇನ್ನೂ ಕಡ್ಡಿಗಳ ನಡುವೆಯೇ ಇತ್ತು.

"ಅವಿನ್ ಮೋನೆ, ಅವ ಎಂತ ದೂಡಿದ? ತೋರಿಸು."

ಅವಿನ್ ಬ್ರೇಕಿನ ಹಿಡಿಯನ್ನು ಒಳಕ್ಕೆ ದೂಡಿದ. ಅದು ಅಲುಗಲಿಲ್ಲ. ಮತ್ತೊಮ್ಮೆ ದೂಡಿದ. ಅವನ ಹಣೆಯ ಬೆವರಿನಲ್ಲಿ ಒಂದು ಗದ್ದೆ ನಾಟಿ ಮಾಡಬಹುದಿತ್ತು.

"ದೂಡು, ದೂಡು. ಸಂಜೆಯವರೆಗೆ ಸಮಯ ಉಂಟು," ಎಂದಳು ಕುಟ್ಟಿಯಮ್ಮ. "ಇದು ಶುಕ್ರವಾರ ಕೂರಿಸಿದ ಅಮೆರಿಕದ್ದು, ಆ ಹಿಡಿ ಒಳಗೆ ಹೋಗುದಿಲ್ಲ. ನೀನು ಕಂಡದ್ದು ಕೌಶಲನನ್ನಲ್ಲ, ನಿನ್ನದೇ ಕೈಯ ಅಭ್ಯಾಸ."

ಮತ್ತೆ ಎಸ್ಸೈಯ ಕಡೆ ತಿರುಗಿದಳು. "ಚೈನು ದೊಡ್ಡ ಚಕ್ರ ಹಾರಿದ್ದಾದರೆ ಚೈನನ್ನು ಆಚೀಚೆ ಮಾಡುವ ಈ ತೂಗುವ ಗೇರೂ ಅದರ ಕೆಳಗೇ ಇರಬೇಕು. ಇದು ನಿಂತದ್ದು ಸಣ್ಣದರ ಕೆಳಗೆ. ಏರಿನಲ್ಲಿ ಸಣ್ಣದರಲ್ಲಿ ತುಳಿಯುವವ ಹುಟ್ಟಿಲ್ಲ. ಇವ ಅವನನ್ನು ಮೋರಿಗೆ ದೂಡಿದ. ಗೇರಿನ ತಪ್ಪು ಅಂತ ತೋರಿಸಲಿಕ್ಕೆ ಚೈನನ್ನು ದೊಡ್ಡದಕ್ಕೆ ಹತ್ತಿಸಲು ನೋಡಿದ. ಹಿಡಿ ಅಲುಗದಾಗ ಬಿದ್ದು ಹಾಳಾಯ್ತು ಅಂತ ಎಣಿಸಿ ಲಿವರು ತಟ್ಟಿದ, ತಟ್ಟಿದಷ್ಟೂ ಚೈನು ಸಣ್ಣದಕ್ಕೆ ಇಳಿಯಿತು. ಕಡೆಗೆ ಕೈಯಲ್ಲೇ ತುರುಕಿದ. ಡೆನ್ನಿಸನೋ ರೂಪೇಶನೋ ಆಗಿದ್ದರೆ ಒಂದು ಸಲ ಪೂರ್ತಿ ದೂಡಿದರೆ ಮುಗೀತಿತ್ತು."

ಅವಿನ್ ನೆಲ ನೋಡಿದ. "ಕೌಶಲ್ ಎಮ್ಮೆಯ ಗಂಟೆ ತಂದು ನನ್ನ ಸೈಕಲಿಗೆ ಕಟ್ಟಿದ್ದ. ಹಿಂದೆ ಬೀಳುವ ಎಮ್ಮೆಗೆ ಅಂತ. ಒಂದು ತಿಂಗಳು ಕಟ್ಟಿಕೊಂಡು ತುಳಿದೆ. ಬಿದ್ದ ಮೇಲೂ ಕೆಳಗಿಂದ ಕೂಗುತ್ತಿದ್ದ."

"ಎಷ್ಟು ಹೊತ್ತು?" ಕೇಳಿದಳು ಕುಟ್ಟಿಯಮ್ಮ.

"ಚೈನು ತುರುಕಿ ಮುಗಿಯುವವರೆಗೆ."

ಪೊಲೀಸರು ಅವಿನನನ್ನು ಒಳಗೆ ಕರೆದೊಯ್ದ ಮೇಲೆ ಪಂಕಜಾಕ್ಷಿ ಎದ್ದು ರೂಪೇಶನ ಹತ್ತಿರ ಬಂದಳು.

"ನಮಗೆ ಗೊತ್ತಾಗಲಿಲ್ಲ ಮಗ. ಕೈ ಸರಿಯಾಗ್ತದಾ?"

ಎಸ್ಸೈಗೆ ಗೇರು ತೋರಿಸಲಿಕ್ಕೆ ರೂಪೇಶ ಎಡಗೈಯಿಂದ ಕಡ್ಡಿಗಳೊಳಗಿನ ಚೈನನ್ನು ಎಳೆದು ಸಣ್ಣ ಚಕ್ರದ ಮೇಲೆ ಕೂರಿಸುತ್ತಿದ್ದ. ಸುಂದರ ಸೈಕಲಿನ ಹಿಂಭಾಗ ಎತ್ತಿ ಹಿಡಿದು ಪೆಡಲು ತಿರುಗಿಸಿದ. ರೂಪೇಶ ಕಟ್ಟಿನಿಂದ ಹೊರಗಿದ್ದ ಬಲಗೈಯ ಬೆರಳಿನಿಂದ ಲಿವರು ದೂಡಿದ. ಬೆರಳು ಅರ್ಧಕ್ಕೇ ಸೋತಿತು. ಚೈನು ಇದ್ದಲ್ಲೇ ತಿರುಗಿತು.

"ಪೂರ್ತಿ ದೂಡಬೇಕು ಅಕ್ಕ," ಎಂದ ಅವನು. "ಇನ್ನು ಅದು ಆಗುದಿಲ್ಲ."