ಕಮುಲಿಯ ಟವರ್ ಪ್ರಕರಣ

ಮತದಾನದ ದಿನ ಮಧ್ಯಾಹ್ನ ಕಮುಲಿ ಠಾಣೆಗೆ ದೂರು ಬಂತು. ದೂರುದಾರ ಬಲಿಕೋವ, ಊರಾಚೆಯ ಮೊಬೈಲ್ ಟವರಿನ ಕಾವಲುಗಾರ. ಅವನು ಓಟು ಹಾಕಿ ಬರುವಷ್ಟರಲ್ಲಿ ಯಂತ್ರದ ಕೋಣೆಗೆ ಯಾರೋ ನುಗ್ಗಿದ್ದರು. ಚುನಾವಣೆಯೆಂದು ಸರ್ಕಾರ ಹಿಂದಿನ ಸಂಜೆಯೇ ಉಗಾಂಡಾದಾದ್ಯಂತ ಇಂಟರ್ನೆಟ್ ನಿಲ್ಲಿಸಿತ್ತು. ಈಗ ಊರಿನಲ್ಲಿ ಮಾಮೂಲಿ ಕರೆಗಳೂ ನಿಂತಿದ್ದವು.

ಇನ್‌ಸ್ಪೆಕ್ಟರ್ ನೈಗಾಗ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ಇಸಬಿರ್ಯೆಯೊಂದಿಗೆ ಸ್ಥಳಕ್ಕೆ ಹೋದಳು. ಪಂಚನಾಮೆ ಹೀಗಿತ್ತು: ಬೀಗ ಹಾಗೇ ಇದೆ. ಬಾಗಿಲನ್ನು ಕೀಲಿನ ಕಡೆಯಿಂದ ಬಿಚ್ಚಿ ಗೋಡೆಗೆ ಒರಗಿಸಲಾಗಿದೆ. ಬ್ಯಾಟರಿ, ಡೀಸೆಲ್ ಮುಟ್ಟಿಲ್ಲ. ಸ್ವಿಚ್ಚುಗಳನ್ನು ಎಳೆದಾಡಿದ್ದರಿಂದ ಫಲಕವೊಂದು ಸುಟ್ಟಿದೆ.

"ಡೀಸೆಲ್ ಬಿಟ್ಟು ಹೋಗೋ ಕಳ್ಳ ನಮ್ಮೂರಲ್ಲಿ ಇನ್ನೂ ಹುಟ್ಟಿಲ್ಲ, ಅಫಾಂಡೆ," ಅಂದ ಇಸಬಿರ್ಯೆ. ಅಲ್ಲಿನ ಪೊಲೀಸರು ಮೇಲಧಿಕಾರಿಗಳನ್ನು ಕರೆಯುವುದೇ 'ಅಫಾಂಡೆ' ಎಂದು.

"ಬಾಗಿಲು ನೋಡು. ಒಂದು ಗೀರೂ ಇಲ್ಲ. ಬಡಗಿ ಕೈ ಇದು."

ಅಷ್ಟರಲ್ಲಿ ವೈರ್‌ಲೆಸ್ಸಿನಲ್ಲಿ ಜಿಲ್ಲಾ ಕಮಾಂಡರ್. "ವಿರೋಧ ಪಕ್ಷದವರದೇ ಕೆಲಸ ಅಂತ ಬರ್ಕೊ. ಸಂಜೆ ಒಳಗೆ ನಾಲ್ಕು ಜನ ಒಳಗಿರ್ಬೇಕು."

"ಸಾಕ್ಷಿ ಇಲ್ಲ, ಅಫಾಂಡೆ."

"ಜನ ಸಿಕ್ಕಿದ್ರೆ ಸಾಕ್ಷಿನೂ ಸಿಗುತ್ತೆ."

ಬಡಗಿಗಳ ಬೀದಿಯಲ್ಲಿ ಅಂಗಡಿಗಳೆಲ್ಲ ಮುಚ್ಚಿದ್ದವು, ಮುಗೋಯ ಎಂಬವನದೊಂದು ಬಿಟ್ಟು. ಅವನ ಬಲ ಅಂಗೈಗೆ ಬಟ್ಟೆ ಸುತ್ತಿತ್ತು.

"ಕೈಗೇನಾಯ್ತು?" ಅಂದಳು ನೈಗಾಗ.

"ಅಂಟು ಕಾಯಿಸ್ತಿದ್ದೆ."

"ಓಟು ಹಾಕಿದ್ಯಾ?"

"ಮರೆತೋಯ್ತು."

"ಊರಿಗೂರೇ ಸಾಲಲ್ಲಿ ನಿಂತಿದೆ, ನಿಂಗೆ ಮರೆತೋಯ್ತಾ? ಟವರ್ ಬಾಗಿಲು ಯಾಕೆ ಬಿಚ್ಚಿದೆ?"

ಮುಗೋಯ ತಲೆ ತಗ್ಗಿಸಿದ. "ಇಂಟರ್ನೆಟ್ ಹಾಕೋಕೆ. ಆರಿಸಿದ್ದಾರೆ ಅಂದ್ರು. ಆರಿಸೋ ಸ್ವಿಚ್ಚು ಅಲ್ಲೇ ಇರುತ್ತೆ ಅನ್ಕೊಂಡೆ."

ಇಸಬಿರ್ಯೆಗೆ ನಗು ಬಂತು. ಮುಗೋಯ ತನ್ನ ಫೋನಿನಲ್ಲಿ ಹಿಂದಿನ ಸಂಜೆ ಇಂಟರ್ನೆಟ್ ನಿಲ್ಲುವ ಮುಂಚೆ ಬಂದಿದ್ದ ಧ್ವನಿ ಸಂದೇಶ ಕೇಳಿಸಿದ. ಕೊಲ್ಲಿಯ ನಗರವೊಂದರಲ್ಲಿ ಮನೆಗೆಲಸಕ್ಕಿದ್ದ ಹೆಂಡತಿ ಕಗೋಯಳದು: "ಕೋಣೇಲಿ ಹಾಕಿ ಬೀಗ ಜಡಿದಿದ್ದಾರೆ. ಬೇಗ ಫೋನ್ ಮಾಡು. ಯಾರಿಗಾದ್ರೂ ಹೇಳು. ಇಲ್ಲಾಂದ್ರೆ ನಾನು ಕಿಟಕಿಯಿಂದ ಇಳಿದುಬಿಡ್ತೀನಿ."

ಇಸಬಿರ್ಯೆಯ ನಗು ನಿಂತಿತು. "ಮಾಮೂಲಿ ಕಾಲ್ ಮಾಡ್ಬೇಕಿತ್ತಲ್ಲಯ್ಯ?"

"ಅವಳ ಸಿಮ್ ಕಿತ್ಕೊಂಡಿದ್ದಾರೆ. ಕದ್ದು ಆ ಮನೆ ವೈಫೈಲಿ ಮಾತಾಡ್ತಿದ್ಲು."

ಅತಿಕ್ರಮ ಪ್ರವೇಶ ಮತ್ತು ಆಸ್ತಿ ಹಾನಿಯ ಆರೋಪದಡಿ ನೈಗಾಗ ಅವನನ್ನು ಬಂಧಿಸಿದಳು. ಫೋನನ್ನು ಮೊಹರು ಮಾಡಿದಳು.

"ಒಬ್ನೇನಾ?" ಅಂದ ಕಮಾಂಡರ್. "ಯಾವ ಪಕ್ಷ?"

"ಓಟೇ ಹಾಕಿಲ್ಲ, ಅಫಾಂಡೆ."

ಫಲಿತಾಂಶ ಘೋಷಣೆಯಾದ ಮೇಲೆ ಇಂಟರ್ನೆಟ್ ಮರಳಿತು. ಟವರೂ ರಿಪೇರಿಯಾಗಿತ್ತು. ಚುನಾವಣೆಗೆಂದು ಮುಚ್ಚಿದ್ದ ಕೋರ್ಟು ಇನ್ನೂ ತೆರೆದಿರಲಿಲ್ಲ. ಯಾರೂ ಕೇಳದಿದ್ದರೂ ನೈಗಾಗ ಪಂಚರನ್ನು ಕರೆಸಿ ಮೊಹರು ಒಡೆದಳು, ಫೋನ್ ಚಾರ್ಜಿಗೆ ಹಾಕಿ ಮುಗೋಯನನ್ನು ಲಾಕಪ್ಪಿನಿಂದ ಹೊರಗೆ ತರಿಸಿದಳು.

ಸಂದೇಶಗಳು ಒಂದರ ಹಿಂದೊಂದು ಬಿದ್ದವು. "ಇದ್ದೀಯಾ?" "ಯಾಕೆ ಮಾತಾಡ್ತಿಲ್ಲ?" "ನನ್ ಮೇಲೆ ಕೋಪಾನಾ?" ಕೊನೆಯದು ಬೇರೆ ನಂಬರಿನಿಂದ, ಬೇರೊಬ್ಬ ಹೆಂಗಸಿನ ಧ್ವನಿ: "ಕಗೋಯ ಆಸ್ಪತ್ರೇಲಿದ್ದಾಳೆ. ಎರಡೂ ಕಾಲು ಮುರಿದಿದೆ, ಜೀವಕ್ಕೇನಿಲ್ಲ. ನೀವ್ಯಾಕೆ ಉತ್ತರ ಕೊಡ್ಲಿಲ್ಲ ಅಂತ ಕೇಳ್ತಾನೇ ಇದ್ದಾಳೆ."



ಎರಡನೆಯ ಪಂಚನಾಮೆಯ ಕೊನೆಯ ಸಾಲು ನೈಗಾಗಳ ಕೈಬರಹದಲ್ಲಿದೆ: ಆರೋಪಿಯು ತನ್ನ ಹೆಂಡತಿಗೆ ಕರೆ ಮಾಡಲು ಅನುಮತಿ ಕೇಳಿದ. ಕೊಡಲಾಯಿತು. ಪಂಚರೂ ಪೊಲೀಸರಾದ ನಾವೂ ಹೊರಗೆ ಹೋದೆವು.